ಅರ್ಧಕ್ಕೆ ಬಿಟ್ಟ ಆಟ

ಕಂಪ್ಯೂಟರಿನ ಗುಂಡಿ ಒತ್ತಿದರೆ ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ರಿಪೇರಿಯವಳು ಮೂರು ಸಲ ಒತ್ತಿದಳು, ಮೂರು ಸಲವೂ ಅಷ್ಟೇ. ನಾಲ್ಕನೆಯ ಸಲಕ್ಕೆ ಬೆರಳು ಮುಂದೆ ಮಾಡುತ್ತಿದ್ದಂತೆ ಮೇಜಿನ ಆಚೆ ನಿಂತಿದ್ದ ಮುದಿ ದರ್ಜಿ ಕೈ ಅಡ್ಡ ಹಿಡಿದರು.

"ಬೇಡಮ್ಮಾ. ಒಳಗೆ ಇರೋದೂ ಹೊರಟುಹೋದೀತು."

"ಏನಾಯ್ತು ಇದಕ್ಕೆ?"

"ಬಿತ್ತು," ಎಂದ ಪಕ್ಕದಲ್ಲಿದ್ದ ಅವರ ಅಳಿಯ. "ಮೆಟ್ಟಿಲ ಮೇಲಿಂದ. ಎರಡೇ ಮೆಟ್ಟಿಲು."

"ಐದು," ಎಂದರು ಮಾವ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅಳಿಯನ ಮುಖ ಹಾಗಿತ್ತು. ಡಬ್ಬಿಯ ಒಂದು ಮೂಲೆ ಒಳಕ್ಕೆ ನೆಗ್ಗಿತ್ತು. ಅದರ ಜೊತೆಗೆ ಇಟ್ಟಿಗೆಯಷ್ಟು ಭಾರದ ಯುಪಿಎಸ್ಸನ್ನೂ ಹೊತ್ತು ತಂದಿದ್ದರು.

"ಇದನ್ನ ಯಾಕೆ ತಂದ್ರಿ? ಇದೂ ಕೆಟ್ಟಿದೆಯಾ?"

"ಇಲ್ಲ, ಅದು ಚೆನ್ನಾಗೇ ಇದೆ," ಎಂದ ಅಳಿಯ, ನೆಲ ನೋಡುತ್ತ. "ಕಂಪ್ಯೂಟರ್ ಆನ್ ಇತ್ತು. ಮನೆ ಬದಲಾಯಿಸ್ತಾ ಇದ್ವಿ. ಆನ್ ಇಟ್ಕೊಂಡೇ ಹೊಸ ಮನೆಗೆ ತಗೊಂಡು ಹೋಗ್ತಾ ಇದ್ವಿ."

ಹನ್ನೆರಡು ವರ್ಷದಿಂದ ಈ ಅಂಗಡಿ ನಡೆಸುತ್ತಿದ್ದವಳು ಅವಳು. ಹಾಲು ಕುಡಿದ ಯಂತ್ರ ನೋಡಿದ್ದಳು, ಹಲ್ಲಿ ಮೊಟ್ಟೆಯಿಟ್ಟ ಯಂತ್ರ ನೋಡಿದ್ದಳು. ಆದರೆ ನಿದ್ದೆ ಹೋದ ಮಗುವನ್ನು ಎಚ್ಚರವಾಗದ ಹಾಗೆ ಎತ್ತಿಕೊಂಡು ಹೋಗುವಂತೆ, ನಡೆಯುತ್ತಿರುವ ಕಂಪ್ಯೂಟರನ್ನು ಮನೆಯಿಂದ ಮನೆಗೆ ಹೊತ್ತವರನ್ನು ನೋಡಿದ್ದು ಇದೇ ಮೊದಲು. ನಗು ಗಂಟಲವರೆಗೆ ಬಂತು. ದರ್ಜಿಯ ಮುಖ ನೋಡಿ ನುಂಗಿಕೊಂಡಳು.

ಕಥೆ ತುಂಡುತುಂಡಾಗಿ ಹೊರಬಂತು. ಕಂಪ್ಯೂಟರು ದರ್ಜಿಯ ಹೆಂಡತಿಯದು. ಒಂದೇ ಕೋಣೆಯ ಆ ಗೋಡೆಗೆ ಇವರ ಹೊಲಿಗೆ ಯಂತ್ರ, ಈ ಗೋಡೆಗೆ ಆಕೆಯ ಟೈಪಿಂಗ್ ಮೇಜು. ಅರ್ಜಿ, ಕರಾರುಪತ್ರ, ವಿದ್ಯಾರ್ಥಿಗಳ ಪ್ರಬಂಧ, ಊರಿನವರ ಕಾಗದವೆಲ್ಲ ಆಕೆಯ ಬೆರಳ ಕೆಳಗೆ ಹಾದುಹೋಗಿತ್ತು. ಕೆಲಸದ ನಡುವೆ ಕೈಗೆ ಬಿಡುವು ಕೊಡಬೇಕೆಂದು ಆಕೆ ಒಬ್ಬಳೇ ಆಡುವ ಇಸ್ಪೀಟಿನ ಆಟ ಆಡುತ್ತಿದ್ದಳು. ಬೆರಳಿಗೆ ಬಿಡುವು ಅಂತ ಬೆರಳಲ್ಲೇ ಆಡುವುದು ಯಾವ ನ್ಯಾಯ ಎಂದು ಇವರು ರೇಗಿಸುತ್ತಿದ್ದರು. ಒಂಬತ್ತು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಸಣ್ಣ ಆಪರೇಷನ್ನಿಗೆ ಆಸ್ಪತ್ರೆಗೆ ಹೊರಟವಳು ಚಪ್ಪಲಿ ಮೆಟ್ಟುತ್ತ ಹೇಳಿದ್ದಳು, "ರೀ, ಆಟ ಅರ್ಧಕ್ಕೆ ನಿಂತಿದೆ. ಆಫ್ ಮಾಡ್ಬೇಡಿ, ಬಂದು ಮುಗಿಸ್ತೀನಿ."

ಇವರು ಆಫ್ ಮಾಡಲಿಲ್ಲ. ಆಕೆ ಬರಲಿಲ್ಲ.

"ಒಂಬತ್ತು ತಿಂಗಳು ಆನ್ ಇತ್ತಾ?"

"ಕರೆಂಟ್ ಹೋದ್ರೆ ಇದು ನೋಡಿಕೊಳ್ತಿತ್ತು," ಎಂದು ದರ್ಜಿ ಯುಪಿಎಸ್ಸಿನ ತಲೆ ಸವರಿದರು. "ಒಂದು ಸಲ ಹೋದ ಕರೆಂಟು ಬರಲೇ ಇಲ್ಲ. ಪಕ್ಕದ ಮನೆಯವರ ಇನ್ವರ್ಟರಿಂದ ಕಿಟಕಿ ಮೂಲಕ ವೈರ್ ಎಳ್ಕೊಂಡೆ. ನನಗೆ ಅರಳುಮರಳು ಅಂದುಕೊಂಡಿರಬೇಕು, ಪಾಪ. ಅಂದ್ಕೊಳ್ಳಲಿ."

ಈಗ ಹಳೆಯ ಕಟ್ಟಡ ಕೆಡವುತ್ತಾರೆ, ಮಗಳ ಬೀದಿಯಲ್ಲೇ ಒಂದು ಮನೆ ಸಿಕ್ಕಿತು. ಯುಪಿಎಸ್ ಇಪ್ಪತ್ತು ನಿಮಿಷ ತಡೆಯುತ್ತದೆ, ನಡೆದರೆ ಹತ್ತೇ ನಿಮಿಷದ ದಾರಿ. ದರ್ಜಿ ಎರಡು ದಿನ ಬರಿಗೈಯಲ್ಲಿ ನಡೆದು ಗಡಿಯಾರ ನೋಡಿಕೊಂಡಿದ್ದರು. ಡಬ್ಬಿ ಮಾವನ ಕೈಯಲ್ಲಿ, ಯುಪಿಎಸ್ ಅಳಿಯನ ಕೈಯಲ್ಲಿ, ನಡುವೆ ಒಂದು ಮೊಳ ವೈರು. ಮೆಟ್ಟಿಲಿಳಿಯುವಾಗ ಮಾವ ಗೋಡೆ ಕಡೆಗೆ ಸರಿದರೆ ಅಳಿಯ ಕಂಬಿ ಕಡೆಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ವೈರು ಕಿತ್ತು ಬಂತು, ಡಬ್ಬಿ ಕೈ ತಪ್ಪಿತು.

"ಆಟ ಸಿಗುತ್ತಾಮ್ಮ?"

ವೈರು ಕಿತ್ತ ಕ್ಷಣದಲ್ಲೇ ಆಟ ಹೋಗಿತ್ತೆಂದು ಅವಳಿಗೆ ಗೊತ್ತಿತ್ತು. ಬೀಳುವುದಕ್ಕೂ ಮೊದಲೇ. ಆದರೆ ಅದನ್ನು ಹೇಳದೆ, "ಮೊದಲು ಎದ್ದು ಕೂರಲಿ, ಯಜಮಾನ್ರೇ," ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಹೇಡಿತನ ಎಂದು ತನ್ನನ್ನೇ ಬೈದುಕೊಂಡಳು ಕೂಡ.

ಬದಿಯ ತಗಡು ತೆಗೆದರೆ ಒಳಗೆಲ್ಲ ನೂಲು. ಫ್ಯಾನಿನ ಗೂಟಕ್ಕೆ ನೀಲಿ, ಬಿಳಿ, ಕಂದು ದಾರ ಸುತ್ತಿಕೊಂಡು ಗಂಟಾಗಿತ್ತು. ಅವಳು ಚಿಮಟದಲ್ಲಿ ಒಂದೊಂದೇ ಎಳೆದು ಕಸದ ಬುಟ್ಟಿಗೆ ಹಾಕಹೊರಟರೆ ದರ್ಜಿ ಅಂಗೈ ಒಡ್ಡಿದರು.

"ಈ ನೀಲಿ ಶಾಲೆ ಯೂನಿಫಾರಂದು. ಈ ಕಂದು..." ಅವರು ಬೆಳಕಿಗೆ ಹಿಡಿದರು. "ಅವಳ ಕೋಟು. ಚಳಿಗಾಲ ಮುಗಿದ ಮೇಲೆ ಹೊಲಿದುಕೊಟ್ಟೆ. ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಕೊಡ್ತೀರಿ, ನನಗೆ ಮಾತ್ರ ಹೀಗೆ ಅಂತ ಅಂದಿದ್ಲು."

ಅಳಿಯ ಬಾಗಿಲ ಕಡೆ ತಿರುಗಿ ನಿಂತ.

ಬೇರೆ ಪವರ್ ಸಪ್ಲೈ ಹಾಕಿ ನೋಡಿದಳು. ಮತ್ತದೇ ಅರ್ಧ ಸುತ್ತು. ಹಾಗಾದರೆ ಎಲ್ಲೋ ಶಾರ್ಟ್ ಆಗುತ್ತಿದೆ. ಡಬ್ಬಿಯನ್ನು ಎತ್ತಿ ಮೆಲ್ಲಗೆ ಅಲುಗಾಡಿಸಿದಳು. ಕಿಣಿ ಎಂದಿತು. ಬೋರ್ಡನ್ನೇ ಬಿಚ್ಚಿ ಎತ್ತಿದರೆ ಅಡಿಯಲ್ಲಿ ಒಂದು ಸ್ಕ್ರೂ, ಬಿದ್ದ ಹೊಡೆತಕ್ಕೆ ಕಳಚಿ ಬೋರ್ಡಿಗೂ ತಗಡಿಗೂ ಮಧ್ಯೆ ಸಿಕ್ಕಿಕೊಂಡಿತ್ತು. ತೆಗೆದು, ಎಲ್ಲ ಕೂರಿಸಿ, ಗುಂಡಿ ಒತ್ತಿದಳು. ಫ್ಯಾನು ಈ ಸಲ ನಿಲ್ಲಲಿಲ್ಲ. ಆದರೆ ಪರದೆ ಕಪ್ಪಾಗೇ ಇತ್ತು, ಒಳಗಿಂದ ಪೀಂ ಪೀಂ ಎಂಬ ಕೂಗು.

"ಮೆಮೊರಿ ಅಲುಗಿದೆ," ಎಂದು ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಕಿತ್ತು ತೆಗೆದಳು. ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜತೊಡಗಿದಳು. ದರ್ಜಿ ಅವಳ ಕೈಯನ್ನೇ ನೋಡುತ್ತಿದ್ದರು.

"ಅದರಲ್ಲೇನಾಮ್ಮ ಆಟ ಇರೋದು?"

ಇನ್ನು ಮುಚ್ಚಿಡುವುದು ಸರಿಯಲ್ಲ. ಅವಳು ಉಜ್ಜುವುದನ್ನು ನಿಲ್ಲಿಸಿದಳು.

"ಇದರಲ್ಲೇ ಇತ್ತು, ಯಜಮಾನ್ರೇ. ಕರೆಂಟ್ ಇರೋವರೆಗೆ ಇರುತ್ತೆ. ಆಮೇಲೆ ಇರಲ್ಲ. ಅವರು ಟೈಪ್ ಮಾಡಿದ್ದೆಲ್ಲ ಬೇರೆ ಕಡೆ ಭದ್ರವಾಗಿದೆ, ಸಿಗುತ್ತೆ. ಆಟ ಸಿಗಲ್ಲ."

ದರ್ಜಿ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಬಟ್ಟೆಯ ಅಂಚು ನೋಡುವ ಹಾಗೆ ತಿರುಗಿಸಿ ನೋಡಿದರು.

"ನನ್ನದೇ ತಪ್ಪು, ಮಾವ," ಎಂದ ಅಳಿಯ. ಬೆಳಗಿನಿಂದ ಹಿಡಿದಿಟ್ಟದ್ದು ಈಗ ಹೊರಬಂತು. "ನಾನು ಕೆಳಗೆ ನೋಡ್ಬೇಕಾಗಿತ್ತು."

"ನೀವೇನು ಮಾಡ್ತೀರಿ. ನಾನು ಡಬ್ಬಿಯನ್ನಷ್ಟೇ ನೋಡ್ತಿದ್ದೆ." ಆಮೇಲೆ ಯಾರಿಗೂ ಅಲ್ಲದ ಹಾಗೆ ಅಂದರು, "ಏಳು ಸಾಲು. ಮೂರನೇ ಸಾಲಿನ ಕೊನೇಲಿ ಕಳಾವರ್ ಹತ್ತು. ಆರನೇದರಲ್ಲಿ ಆಟೀನ್ ಒಂಬತ್ತು. ದಿನಾ ಬೆಳಿಗ್ಗೆ ಪರದೆ ಆನ್ ಮಾಡಿ ನೋಡ್ತಿದ್ದೆ. ನೋಡಿ ನೋಡಿ ಆಟ ನನಗೂ ಸ್ವಲ್ಪ ತಿಳೀತು. ಒಂಬತ್ತನ್ನ ಹತ್ತರ ಮೇಲೆ ಇಡಬಹುದಿತ್ತು. ನಾನು ಮುಟ್ಟಲಿಲ್ಲ. ಅವಳದು ಅದು."

ಅವರ ಕೈಯಿಂದ ಪಟ್ಟಿ ತೆಗೆದುಕೊಂಡು ರಿಪೇರಿಯವಳು ಒತ್ತಿ ಕೂರಿಸಿದಳು. ಪರದೆ ಬೆಳಗಿತು. ಕಳೆದ ಸಲ ಸರಿಯಾಗಿ ಮುಚ್ಚಿರಲಿಲ್ಲ ಎಂದು ಯಂತ್ರ ಮೊದಲು ತಗಾದೆ ತೆಗೆಯಿತು. ಆಮೇಲೆ ತೆರೆದುಕೊಂಡಿತು. ಅವಳು ಆಟದ ಚಿತ್ರ ಒತ್ತಿದಳು. ಹಸಿರು ಹಾಸಿನ ಮೇಲೆ ಎಲೆಗಳು ಹೊಸದಾಗಿ ಸರಸರ ಬಂದು ಕೂತವು. ಮೂರನೇ ಸಾಲಿನ ಕೊನೆಗೆ ಯಾವುದೋ ರಾಣಿ. ದರ್ಜಿ ನೋಡಿ ಮುಖ ಆಚೆ ತಿರುಗಿಸಿದರು.

"ಇಲ್ಲೊಂದು ಲೆಕ್ಕ ಇದೆ, ನೋಡಿ," ಎಂದು ಅವಳು ಬೇರೊಂದು ಕಿಟಕಿ ತೆರೆದಳು. "ಗೆದ್ದದ್ದು ಎಂಟುನೂರ ಹದಿನಾಲ್ಕು. ಸೋತದ್ದು ಸಾವಿರದ ಚಿಲ್ಲರೆ. ಮಧ್ಯದಲ್ಲಿ ಕರೆಂಟ್ ಕಿತ್ತ ಆಟವನ್ನ ಇದು ಲೆಕ್ಕಕ್ಕೆ ಹಿಡಿಯಲ್ಲ. ಆ ಆಟ ಅವರು ಗೆಲ್ಲಲಿಲ್ಲ, ನಿಜ. ಸೋಲಲೂ ಇಲ್ಲ."

ದರ್ಜಿ ಬಹಳ ಹೊತ್ತು ಆ ಅಂಕಿಗಳನ್ನು ನೋಡಿದರು. "ಎಂಟುನೂರ ಹದಿನಾಲ್ಕು," ಅಂದರು. ತುಟಿಯಂಚಿನಲ್ಲಿ ಏನೋ ಸುಳಿಯಿತು. "ನನಗೆ ಹೇಳಿದ್ದು ಸಾವಿರ ದಾಟಿದೆ ಅಂತ."

ಅಳಿಯ ನಕ್ಕ. ನಕ್ಕು ಕಣ್ಣೊರೆಸಿಕೊಂಡ. ಹೊರಗೆ ಬಿಸಿಲು ಇಳಿದಿತ್ತು. ಹೊಸ ಮನೆಯ ಬಾಗಿಲಲ್ಲಿ ಸಾಮಾನು ಹಾಗೇ ಬಿದ್ದಿದೆ ಎಂದು ಮಗಳು ಎರಡು ಸಲ ಫೋನು ಮಾಡಿಯಾಗಿತ್ತು.

"ಯುಪಿಎಸ್‌ಗೆ ಜೋಡಿಸಿಬಿಡ್ಲಾ?" ಎಂದು ಕೇಳಿದಳು ರಿಪೇರಿಯವಳು. "ಹೀಗೇ ಆನ್ ಇಟ್ಕೊಂಡು ಹೋಗಬಹುದು. ಈ ಸಲ ನಾನೂ ಬಂದು ಹಿಡ್ಕೊಳ್ತೀನಿ."

ದರ್ಜಿ ಬೇಡವೆಂದು ತಲೆಯಾಡಿಸಿದರು. ನೂಲಿನ ಎಳೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕುರ್ಚಿ ಎಳೆದು ಪರದೆಯ ಮುಂದೆ ಕೂತರು.

"ಆಫ್ ಮಾಡೋದು ಹೇಗೆ ಅಂತ ತೋರಿಸಮ್ಮ. ನನಗೆ ಬರಲ್ಲ."

ಎಲ್ಲಿ ಒತ್ತಬೇಕೆಂದು ಅವಳು ತೋರಿಸಿದಳು. ಸೂಜಿಗೆ ದಾರ ಪೋಣಿಸುವವರ ಹಾಗೆ ಕಣ್ಣು ಕಿರಿದು ಮಾಡಿ ಅವರೇ ಒತ್ತಿದರು. ಪರದೆ ಕಪ್ಪಾಯಿತು. ಫ್ಯಾನು ನಿಧಾನವಾಗುತ್ತ ನಿಧಾನವಾಗುತ್ತ ನಿಂತಿತು. ಅವರು ಡಬ್ಬಿಯ ತಲೆಯ ಮೇಲೆ ಅಂಗೈ ಇಟ್ಟರು. ಇನ್ನೂ ಬೆಚ್ಚಗಿತ್ತು. ಅದು ಆರುವವರೆಗೆ ಕೈ ತೆಗೆಯಲಿಲ್ಲ.