ಬುಡುಬುಂಡಯ್ಯನನ್ನು ಹೊತ್ತ ಹಲಗೆ

ನಾನು ಒಂದು ಕರಿಹಲಗೆ. ಸಿಟ್ಟಿನ ಹಲಗೆ ಅಂತಲೇ ಕರೆಯಿರಿ, ನನಗೇನೂ ಬೇಜಾರಿಲ್ಲ. ಮರದ ತುಂಡಿಗೆ ಎಂಥ ಸಿಟ್ಟು ಅಂತ ನಗುವವರು ನಗಲಿ. ಒಬ್ಬರು ಪ್ರೀತಿಯಿಂದ ಮೈಮೇಲೆ ಬರೆದದ್ದನ್ನು ಇನ್ನೊಬ್ಬರು ನೀರು ಹಾಕಿ ಉಜ್ಜಿದರೆ ಹೇಗಿರುತ್ತದೆ ಅಂತ ಅವರಿಗೇನು ಗೊತ್ತು!

ನನ್ನನ್ನು ಮಾಡಿದ್ದು ಹಲಸಿನ ಮರದಿಂದ. ಬಡಗಿ ಮೂರು ತುಂಡು ಜೋಡಿಸಿ, ಹಿಂದೆ ಎರಡು ಪಟ್ಟಿ ಹೊಡೆದು, ಮುಖವನ್ನೆಲ್ಲ ನಯ ಮಾಡಿದ. ಕೆಳಗಿನ ಅಂಚಿಗೆ ಬರುವಷ್ಟರಲ್ಲಿ ಅವನಿಗೆ ಊಟದ ಹೊತ್ತಾಯಿತು. "ಅದನ್ಯಾರ್ ನೋಡ್ತಾರೆ ಬಿಡು" ಅಂತ ಎದ್ದುಹೋದವನು ಮತ್ತೆ ಆ ಅಂಚಿನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿ ಸಿಬಿರು ಎದ್ದು ನಿಂತಿತು. ಸಿಬಿರಿನ ಮಾತು ಮುಂದೆ ಬರುತ್ತದೆ, ಮರೆಯಬೇಡಿ.

ಮೊದಲು ಒಂದು ಹಳ್ಳಿ ಶಾಲೆಗೆ ಹೋದೆ. ಅಲ್ಲಿನ ಮಕ್ಕಳು ಇದ್ದಿಲು ಅರೆದು, ತೊಂಡೆಸೊಪ್ಪಿನ ರಸ ಸೇರಿಸಿ ನನಗೆ ಬಳಿದರು. ಹಲಗೆಗೆ ಅದೇ ಎಣ್ಣೆಸ್ನಾನ. ಬಳಿದ ಮಾರನೆಯ ದಿನ ಸೀಮೆಸುಣ್ಣ ತಗುಲಿದರೆ ಅಕ್ಷರ ಹೊಳೆಯುತ್ತದೆ. ವರ್ಷಗಟ್ಟಲೆ ಮಗ್ಗಿ ಹೊತ್ತೆ, ಕಾಗುಣಿತ ಹೊತ್ತೆ. ಆಮೇಲೆ ಗೋಡೆಗೇ ಹಸಿರು ಬಣ್ಣದ ಬೋರ್ಡು ಬಂತು. ನನ್ನನ್ನು ಸೌದೆ ಕೋಣೆಗೆ ಎಸೆದರು. ಶಾಲೆಯ ವಾರ್ಷಿಕೋತ್ಸವಕ್ಕೆ ಉಪ್ಪಿಟ್ಟು ಮಾಡಲು ಬಂದಿದ್ದ ಪಂಚಾಕ್ಷರಯ್ಯ ಅಲ್ಲಿಂದ ಎತ್ತಿ, ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗದಿದ್ದರೆ ಅವತ್ತೇ ಒಲೆ ಸೇರುತ್ತಿದ್ದೆ.

ಪಂಚಾಕ್ಷರಯ್ಯನದು ಅರಸೀಕೆರೆ ರೈಲ್ವೆ ಸ್ಟೇಷನ್ ಎದುರಿನ ಸಣ್ಣ ಹೋಟೆಲ್ಲು. ನನ್ನನ್ನು ಬಾಗಿಲ ಪಕ್ಕ ನೇತುಹಾಕಿದ. ದಿನಾ ಬೆಳಿಗ್ಗೆ "ಇಡ್ಲಿ, ವಡೆ, ಬೋಂಡ" ಅಂತ ಬರೆಯುತ್ತಿದ್ದ. ಪಾಪದ ಮನುಷ್ಯ; ಅಕ್ಷರಗಳೂ ಅವನ ಹಾಗೇ ತಲೆ ತಗ್ಗಿಸಿಕೊಂಡು ನಿಲ್ಲುತ್ತಿದ್ದವು.

ಅವನಿಗೊಬ್ಬಳು ಮಗಳು, ದಾಕ್ಷಾಯಿಣಿ. ಎಲ್ಲರಿಗೂ ದಾಕ್ಷು. ಆಗಿನ್ನೂ ಏಳನೇ ಕ್ಲಾಸು. ಆ ಹುಡುಗಿಗೆ ಹೆಸರುಗಳ ಹುಚ್ಚು. ರೈಲಿಳಿದು ಕಾಫಿಗೆ ಬಂದವರನ್ನೆಲ್ಲ "ನಿಮ್ಮೆಸ್ರೇನು?" ಅಂತ ಕೇಳುವಳು. ಒಮ್ಮೆ ಒಬ್ಬ ಮುದುಕ "ಉದ್ದಂಡಯ್ಯ ಕಣವ್ವ" ಅಂದ. ಅವತ್ತಿಡೀ ದಿನ ಆ ಹೆಸರನ್ನು ಪೆಪ್ಪರ್‌ಮಿಂಟಿನ ಹಾಗೆ ಬಾಯಲ್ಲಿಟ್ಟುಕೊಂಡು ಓಡಾಡಿದಳು. "ಹೆಸ್ರು ಅಂದ್ರೆ ಬಾಯಲ್ಲಿ ಉರುಳಬೇಕಪ್ಪ" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಪಂಚಾಕ್ಷರಯ್ಯನ ಕೈಯೆಲ್ಲ ಹಿಟ್ಟಾಗಿತ್ತು. "ದಾಕ್ಷೂ, ಬೋರ್ಡ್ ಬರ್ದುಬಿಡವ್ವ" ಅಂತ ಒಳಗಿನಿಂದ ಕೂಗಿದ. ಅವಳು ಸ್ಟೂಲ್ ಹತ್ತಿ, ನಾಲಿಗೆ ಕಚ್ಚಿಕೊಂಡು ಬರೆದಳು:

ಟಿಂಗಣ ಟಿಂಗಣ ತಟ್ಟೆ ನೋಡು
ಬುಡುಬುಂಡಯ್ಯನ ಹೊಟ್ಟೆ ನೋಡು
ಎಣ್ಣೆ ಬಾವಿಗೆ ಧುಮುಕಿದ ನೋಡು
ಚಟ್ನಿ ಹೊದ್ದು ಮಲಗಿದ ನೋಡು!

ಕೆಳಗೆ ಸಣ್ಣದಾಗಿ, "ಬುಡುಬುಂಡಯ್ಯ ಅಂದರೆ ಬೋಂಡ."

ಅಯ್ಯೋ, ನನಗಾದ ಖುಷಿ! ಅಷ್ಟು ವರ್ಷ ಮಗ್ಗಿ ಹೊತ್ತ ಮೈ ಮೊದಲ ಸಲ ಹಗುರಾಯಿತು. ನಿಂತು ಓದಿದವರು ನಕ್ಕರು, ನಕ್ಕವರು ಒಳಗೆ ಬಂದರು. ನಮ್ಮ ಸಪ್ಲೈಯರ್ ಕೆಂಚಪ್ಪನ ಗಂಟಲು ಎಂಥದ್ದೆಂದರೆ, ಅವನು ಗಿರಾಕಿ ಕೇಳಿದ್ದನ್ನು ಅಡಿಗೆಮನೆಗೆ ಕೂಗಿ ಹೇಳಿದರೆ ಪ್ಲಾಟ್‌ಫಾರಂವರೆಗೂ ಕೇಳುತ್ತದೆ. ಅವನು ಅವತ್ತು "ಎರಡು ಬುಡುಬುಂಡಯ್ಯಾ!" ಅಂತ ಕೂಗಿದ್ದೇ ತಡ, ಹೋಟೆಲ್ಲಿಗೆ ಹೋಟೆಲ್ಲೇ ಗೊಳ್ಳೆಂದಿತು.

ಅಲ್ಲಿಂದ ದಿನಕ್ಕೊಂದು ಪದ್ಯ. ತಟ್ಟೆ ಇಡ್ಲಿ ಚಪ್ಪಟಮ್ಮ ಆದಳು:

ಚಪ್ಪಟಮ್ಮ ಸೆರಗನು ಕಟ್ಟಿ
ಸಾಂಬಾರ್ ಕೆರೆಗೆ ಹಾರಿದಳು
ತೇಲಿ ತೇಲಿ ಸಾಕಾಗ್ಹೋಗಿ
ಹೊಟ್ಟೆ ಊರಿಗೆ ಜಾರಿದಳು

ದಾಕ್ಷು ಶಾಲೆಯಿಂದ ಬರುವಾಗಲೇ ಬೇಲಿಯ ತೊಂಡೆಸೊಪ್ಪು ಕಿತ್ತು ತರುವಳು. ಭಾನುವಾರ ನನಗೆ ತಾನೇ ಕಪ್ಪು ಬಳಿಯುವಳು. "ನಾನು ದೊಡ್ಡೋಳಾದ್ಮೇಲೆ ಬರೀ ಇಂಥದ್ದೇ ಬರೀತೀನಿ" ಅಂತ ಅವಳು ಹೇಳಿದ್ದು ಯಾರಿಗೂ ಅಲ್ಲ, ನನಗೆ.

ಆಗ ಬಂದರಪ್ಪ ಮರುಳಸಿದ್ದಪ್ಪ ಮೇಷ್ಟ್ರು!

ಊರಿನ ಸಾಹಿತ್ಯ ಬಳಗದ ಅಧ್ಯಕ್ಷರು. ಪಂಚಾಕ್ಷರಯ್ಯನಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದವರು. ಅವರು ಬಂದರೆ ಇವನು ಇವತ್ತಿಗೂ ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಸೇರಿಸುವವನೇ. ಅವತ್ತು ಗಿರಾಕಿಗಳು ಕೇಳಿದರು ಅಂತ ಬುಡುಬುಂಡಯ್ಯನ ಪದ್ಯವೇ ಮತ್ತೆ ನನ್ನ ಮೇಲಿತ್ತು. ಅವರು ನನ್ನ ಮುಂದೆ ನಿಂತು, ಕನ್ನಡಕ ಏರಿಸಿ ಓದಿದರು. ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು.

"ಪಂಚಾಕ್ಷರೀ, ಏನಯ್ಯ ಇದು?"

"ಮಗು ಬರ್ದಿರೋದು ಮೇಷ್ಟ್ರೇ, ತಮಾಷೆಗೆ."

"ತಮಾಷೆ? ಪದ್ಯ ಅಂದ್ರೆ ಅರ್ಥ ಬೇಕು, ನೀತಿ ಬೇಕು. ಬುಡುಬುಂಡಯ್ಯ ಅಂದ್ರೇನು? ಯಾವ ನಿಘಂಟಲ್ಲಿದೆ?"

ದಾಕ್ಷುಗೆ ಅವರು ನಿಜವಾಗಿಯೂ ಕೇಳುತ್ತಿದ್ದಾರೆ ಅನ್ನಿಸಿತು. ಮುಂದೆ ಬಂದು ಹೇಳಿಯೇಬಿಟ್ಟಳು: "ಅರ್ಥ ಏನಿಲ್ಲ ಮೇಷ್ಟ್ರೇ. ಬೋಂಡ ಹಂಗೇ ಕಾಣ್ಸುತ್ತೆ. ಒಂದ್ಸಲ ಜೋರಾಗಿ ಹೇಳ್ನೋಡಿ, ನಿಮ್ಗೂ ಮಜಾ ಬರುತ್ತೆ."

ಕೂತಿದ್ದವರು ನಕ್ಕರು. ಆ ನಗೆಯೇ ಮುಳುವಾಯಿತು.

"ನೋಡಿದ್ಯಾ, ನಿನ್ ಮಗಳು ನಂಗೆ ಪಾಠ ಹೇಳ್ತಾಳೆ! ಬೀದೀಲಿ ಕನ್ನಡದ ಮಾನ ಕಳೀತಿದೀರಾ ಅಪ್ಪ ಮಗಳು. ಒರಸು ಮೊದ್ಲು ಅದನ್ನ."

ಪಂಚಾಕ್ಷರಯ್ಯ ಟೇಬಲ್ ಒರೆಸುವ ಒದ್ದೆ ಬಟ್ಟೆ ತಂದ. ಟೇಬಲ್ ಒರೆಸುವ ಬಟ್ಟೆ, ಕೇಳಿಸಿತೇ? ಸಾಂಬಾರಿನ ಜಿಡ್ಡಿನ ಸಮೇತ ನನ್ನ ಮುಖಕ್ಕೆ ಹಾಕಿ ಉಜ್ಜಿದ. ಬುಡುಬುಂಡಯ್ಯನ ಹೊಟ್ಟೆ ಹೋಯಿತು, ಬಾವಿ ಹೋಯಿತು, ಚಟ್ನಿ ಹೋಯಿತು. ನನಗೆ ಬಾಯಿದ್ದಿದ್ದರೆ ಕಿರುಚುತ್ತಿದ್ದೆ. ಇದ್ದದ್ದು ಕೆಳಗಿನ ಅಂಚಿನ ಸಿಬಿರು ಒಂದೇ. ಚುಚ್ಚಿದೆ. ಚುಚ್ಚಿಸಿಕೊಂಡದ್ದು ಪಂಚಾಕ್ಷರಯ್ಯನ ಅಂಗೈ. ಮೇಷ್ಟ್ರು ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು! ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. "ಮೇಷ್ಟ್ರ ಕಾಲಿಗ್ ಬಿದ್ದು ತಪ್ಪಾಯ್ತು ಅನ್ನು" ಅಂದ ಅಪ್ಪ, ಅಂಗೈ ಒತ್ತಿಕೊಂಡು. ದಾಕ್ಷು ಅವನ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿದಳು. ಅಷ್ಟು ಜನರ ಎದುರು, ಬೋಂಡಕ್ಕೊಂದು ಹೆಸರಿಟ್ಟ ತಪ್ಪಿಗೆ! ಆ ಕ್ಷಣದಲ್ಲಿ ಅಲ್ಲಿದ್ದವರೆಲ್ಲರ ಮೇಲೂ ನನಗೆ ಅಸಹ್ಯ ಬಂತು.

ಅವತ್ತಿಗೆ ಅವಳು ಸೀಮೆಸುಣ್ಣ ಬಿಟ್ಟಳು. "ಬರಿಯವ್ವ, ಮೇಷ್ಟ್ರು ಬರೋ ಹೊತ್ತಿಗೆ ಒರೆಸಿಬಿಡಾಣ" ಅಂತ ಅಪ್ಪ ಒಂದೆರಡು ಸಲ ಗೋಗರೆದ. "ನಂಗ್ ಬರಲ್ಲ ಬಿಡಪ್ಪ" ಅಂದಳು. ಬರುವುದಿಲ್ಲವಂತೆ! ನನಗೆ ಅವಳ ಮೇಲೂ ಸಿಟ್ಟು ಬಂತು. ಯಾರೋ ಒಬ್ಬರು ಗದರಿದರು ಅಂತ ಬಾಯಲ್ಲಿ ಉರುಳುವ ಹೆಸರನ್ನು ಉಗುಳಿಬಿಡುವುದೇ? ಹೈಸ್ಕೂಲು ಮುಗಿಸಿದಳು, ಕಾಲೇಜು ಸೇರಿದಳು, ಸಂಜೆ ಗಲ್ಲಾದಲ್ಲಿ ಕೂತಳು. ಒಂದು ಸಾಲು ಬರೆಯಲಿಲ್ಲ. ತೊಂಡೆಸೊಪ್ಪು ಕಾಣದೆ ನಾನು ಬೂದಿ ಬಣ್ಣಕ್ಕೆ ತಿರುಗಿದೆ. ಮೈಮೇಲೆ ಮತ್ತದೇ ತಲೆ ತಗ್ಗಿಸಿದ "ಇಡ್ಲಿ, ವಡೆ, ಬೋಂಡ."

ಆದರೆ ಜನರ ಬಾಯಿಗೆ ಒದ್ದೆ ಬಟ್ಟೆ ಹಾಕುವವರು ಯಾರು? ಗೂಡ್ಸ್ ಶೆಡ್ಡಿನ ಹಮಾಲರು "ಬುಡುಬುಂಡಯ್ಯ ಬಿಸಿ ಐತಾ?" ಅಂತಲೇ ಬರುವರು. ಕೆಂಚಪ್ಪನಂತೂ ಯಾರು ಬೇಡವೆಂದರೂ ಕೂಗುವವನೇ. ಪಂಚಾಕ್ಷರಯ್ಯ ಗದರಿದರೆ, "ಬಾಯ್ ತಪ್ಪಿ ಬಂತು ಯಜಮಾನ್ರೇ" ಅನ್ನುವನು. ದಾಕ್ಷು ಗಲ್ಲಾದಲ್ಲಿ ಕೂತು ಕೇಳಿಸದವಳ ಹಾಗೆ ಇರುವಳು.

ಆಮೇಲೊಂದು ಸಂಜೆ ಸಾಹಿತ್ಯ ಬಳಗದ ಸಭೆ ಮುಗಿಯಿತು. ಮರುಳಸಿದ್ದಪ್ಪ ಮೇಷ್ಟ್ರು ಪರವೂರಿನ ಅತಿಥಿಯೊಬ್ಬರನ್ನು ಕರೆದುಕೊಂಡು ಹೋಟೆಲ್ಲಿಗೆ ಬಂದರು. ಹಾರ ಹಾಕಿಸಿಕೊಂಡು, ನಾಲ್ಕು ಒಳ್ಳೆಯ ಮಾತು ಕೇಳಿಸಿಕೊಂಡು ಬಂದಿದ್ದರು, ಭಾರೀ ಖುಷಿಯಲ್ಲಿದ್ದರು. ಕುರ್ಚಿ ಎಳೆದುಕೊಂಡು, ಅತಿಥಿಗೆ ಹೆಮ್ಮೆಯಿಂದ ಹೇಳಿದರು: "ನೀವು ಇಲ್ಲಿನ ಬುಡುಬುಂಡಯ್ಯ ತಿನ್ನಲೇಬೇಕು. ನಮ್ಮೂರಿನ ವಿಶೇಷ ಅದು. ಏ ಕೆಂಚಪ್ಪ, ಎರಡು ಪ್ಲೇಟ್ ಬುಡುಬುಂಡಯ್ಯ ತಗೊಂಬಾ!"

ಕೆಂಚಪ್ಪ ಕೂಗಲಿಲ್ಲ. ಗಲ್ಲಾದ ಕಡೆ ತಿರುಗಿ ದಾಕ್ಷುವನ್ನು ನೋಡಿದ. ಪಂಚಾಕ್ಷರಯ್ಯ ಬೋಂಡ ಎತ್ತುವ ಜಾಲರಿ ಸೌಟು ಹಿಡಿದು ಅಡಿಗೆಮನೆ ಬಾಗಿಲಿಗೆ ಬಂದು ನಿಂತ.

ಗಲ್ಲಾದಿಂದ ದಾಕ್ಷು ಎದ್ದಳು. "ಆ ಹೆಸ್ರಿನ ತಿಂಡಿ ನಮ್ಮಲ್ಲಿಲ್ಲ ಮೇಷ್ಟ್ರೇ."

"ಇಲ್ದೆ ಏನಮ್ಮ? ದಿನಾ ತಿಂತೀನಲ್ಲ."

"ಬೋರ್ಡ್ ನೋಡಿ. ಇಡ್ಲಿ ಇದೆ, ವಡೆ ಇದೆ, ಬೋಂಡ ಇದೆ. ಬುಡುಬುಂಡಯ್ಯ ಇತ್ತು. ನೀವೇ ನಿಂತು ಒರೆಸಿಸಿದ್ರಿ."

ಮೇಷ್ಟ್ರು ನನ್ನ ಕಡೆ ತಿರುಗಿದರು. ನಾನೂ ಅವರನ್ನು ದುರುಗುಟ್ಟಿಕೊಂಡೇ ನೋಡಿದೆ. ಅತಿಥಿಗೆ ಏನೂ ಅರ್ಥವಾಗದೆ, "ಬುಡುಬುಂಡಯ್ಯ! ಎಂಥ ಚಂದದ ಹೆಸರು! ಯಾರಿಟ್ಟಿದ್ದು?" ಅಂತ ಕೇಳಿದರು. 

"ನಾನಿಟ್ಟಿದ್ದು" ಅಂದಳು ದಾಕ್ಷು.  "ಬೇಕಂದ್ರೆ ಮತ್ತೆ ಬರೀಬೇಕಾಗುತ್ತೆ. ಬರೀಲಾ ಮೇಷ್ಟ್ರೇ? ನೀವೇ ಹೇಳಿ."

 ಮೇಷ್ಟ್ರು ನೆಲ ನೋಡಿಕೊಂಡು, "ಬರಿಯಮ್ಮ" ಅಂದರು.

ಮಗಳ ಕೈಗೆ ಸೀಮೆಸುಣ್ಣ ತಂದುಕೊಟ್ಟವನು ಪಂಚಾಕ್ಷರಯ್ಯ. ಅವಳು ಅಪ್ಪನ ಬರಹವನ್ನು ಒಣ ಅಂಗೈಯಲ್ಲೇ ಮೆಲ್ಲಗೆ ಒರೆಸಿ, ಒತ್ತಿ ಒತ್ತಿ ಬರೆದಳು:

ಒದ್ದೆ ಬಟ್ಟೆ ಉಜ್ಜಿತಂತೆ
ಬುಡುಬುಂಡಯ್ಯ ಅವಿತನಂತೆ
ಬಟ್ಟೆ ಹರಿದು ಚಿಂದಿಯಾಯ್ತು
ಬೋಂಡ ಮಾತ್ರ ಬಿಸಿಯೇ ಅಂತೆ!

"ಎರಡು ಬುಡುಬುಂಡಯ್ಯಾ!" ಅಂತ ಕೆಂಚಪ್ಪ ಕೂಗಿದ ರಭಸಕ್ಕೆ ನನ್ನ ಮೊಳೆ ಅಲುಗಿತು.

ಈಗ ಬಾಗಿಲಲ್ಲಿ ಫ್ಲೆಕ್ಸ್ ಬೋರ್ಡು ಇದೆ. ಬುಡುಬುಂಡಯ್ಯ, ಚಪ್ಪಟಮ್ಮ ಎಲ್ಲರೂ ಅದರಲ್ಲಿ ಬಣ್ಣದಲ್ಲಿ ಅಚ್ಚಾಗಿದ್ದಾರೆ. ಅದರ ಮೇಲೂ ನನಗೆ ಸಿಟ್ಟೇ. ಒರೆಸಲು ಬರುವುದಿಲ್ಲ ಅಂತ ಜಂಬ ಅದಕ್ಕೆ. ಹೊಸದು ಬರೆಯಲೂ ಬರುವುದಿಲ್ಲವಲ್ಲ! ನಾನು ಬಿರುಕು ಬಿಟ್ಟು, ಹಿತ್ತಲಲ್ಲಿ ನೀರಿನ ಡ್ರಮ್ಮಿನ ಮೇಲೆ ಮುಚ್ಚಳವಾಗಿ ಬಿದ್ದಿದ್ದೇನೆ. ದಾಕ್ಷುವಿನ ಪದ್ಯಗಳು ಈಗ ಮಕ್ಕಳ ಪತ್ರಿಕೆಗಳಲ್ಲಿ ಬರುತ್ತವಂತೆ. ಬರಲಿ. ಆದರೆ ಹೊಸ ಹೆಸರು ಸಿಕ್ಕಿದ ದಿನ ಅವಳು ಮೊದಲು ಬರುವುದು ಹಿತ್ತಲಿಗೆ. ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಮೇಲೆ ಬರೆದು, ಜೋರಾಗಿ ಓದಿ, ಒಬ್ಬಳೇ ನಗುತ್ತಾಳೆ. ತೊಂಡೆಸೊಪ್ಪು ಬಳಿಯುವುದನ್ನೂ ಬಿಟ್ಟಿಲ್ಲ.

ಅಂಚನ್ನು ನಯ ಮಾಡಿಸುತ್ತೇನೆ ಅಂತ ಪಂಚಾಕ್ಷರಯ್ಯ ಹೋದ ವಾರವೂ ಅಂದ. ದಾಕ್ಷು ಬೇಡವೆಂದಳು. ನನ್ನ ಹುಡುಗಿ! ಬರಲಿ, ಒದ್ದೆ ಬಟ್ಟೆ ಹಿಡಿದು ಯಾರು ಬೇಕಾದರೂ ಬರಲಿ. ಸಿಬಿರು ಇನ್ನೂ ಇದೆ.