ಅರ್ಧ ಕೇಳಿ ಪೂರ್ತಿ ಕಳಿಸಿದ ಕರೆ

ಗಂಡನಿಗೆ ಫೋನು ಬಂದ ಕೂಡಲೇ ಅವನು ಅಂಗಳಕ್ಕೆ ಯಾಕೆ ಹೋಗುತ್ತಾನೆ? ಈ ಪ್ರಶ್ನೆ ಏಳದ ಮನೆ ನಮ್ಮ ಶಿರಸಿಯಲ್ಲಿ ಇದ್ದರೆ ನನಗೂ ತೋರಿಸಿ. ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಅವರು ಹೇಳುತ್ತಾರೆ. ಅದು ನಿಜವೇ. ಆದರೂ ನಮ್ಮ ಕಿವಿ ನೆಟ್ಟಗಾಗುತ್ತದೆ. ನನ್ನ ಗಂಡ ಮುನವ್ವರ್ ಟೆಂಪೋ ಓಡಿಸುವವನು. ಅವನಿಗೆ ದಿನವಿಡೀ ಬಾಡಿಗೆಗೆ ಕರೆಯುವವರ ಫೋನು. ಅವನು ಯಾರ ಜೊತೆಗಾದರೂ ನಕ್ಕು ಮಾತಾಡಿದರೆ ಒಲೆಯ ಮೇಲೆ ನನ್ನ ಒಗ್ಗರಣೆ ಸೀಯುತ್ತದೆ. ಹೊಟ್ಟೆಕಿಚ್ಚು ಎಂದರೆ ಏನು ಎಂಬ ಪಾಠವನ್ನು ನನಗೆ ಯಾರೂ ಹೇಳಬೇಕಾಗಿಲ್ಲ.

ನಾನು ಜೀನತ್. ನಮ್ಮ ಮಹಿಳಾ ಸಂಘದವರಿಗೆ ಮೊಬೈಲ್ ಬಳಸುವುದನ್ನು ಹೇಳಿಕೊಡುತ್ತೇನೆ. ಈ ಕಥೆ ನಮ್ಮ ಪಕ್ಕದ ಮನೆಯ ಪ್ರತಿಭಾಳದು. ಹೇಳಿ ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಕಥೆಯಲ್ಲಿ ಇನ್ನೊಬ್ಬ ಹುಡುಗಿ ಬರುತ್ತಾಳೆ. ಅವಳ ಹೆಸರು, ಊರು ಎರಡನ್ನೂ ಬದಲಿಸಿದ್ದೇನೆ. ಯಾಕೆ ಎಂಬುದು ಓದಿದರೆ ತಿಳಿಯುತ್ತದೆ.

ಪ್ರತಿಭಾ ಹಾನಗಲ್ ಕಡೆಯ ಹುಡುಗಿ. ನಮ್ಮ ಕಡೆಯ ಗಂಡುಗಳಿಗೆ ಹೆಣ್ಣು ಸಿಗದೆ ಆ ಕಡೆಯಿಂದ ಮದುವೆ ಮಾಡಿಕೊಂಡು ಬರುವುದು ಈಗ ಹೊಸದೇನಲ್ಲ. ಅವಳ ಗಂಡ ಉದಯ ವಾನಳ್ಳಿಯವನು. ಪೇಟೆಯಲ್ಲಿ ಇನ್ವರ್ಟರ್, ಬ್ಯಾಟರಿ ರಿಪೇರಿ ಮಾಡುತ್ತಾನೆ. ಒಳ್ಳೆಯವನೇ. ಆದರೆ ಹೆಂಡತಿಗೆ ಅರ್ಥವಾಗಲಿ ಎಂದು ಮನೆಯಲ್ಲಿ ಪುಸ್ತಕ ಓದಿದ ಹಾಗೆ ಮಾತಾಡುತ್ತಾನೆ. ಊರಿನವರ ಫೋನು ಬಂದರೆ ಮಾತ್ರ ಅವನ ಮನೆಮಾತು ಸರಸರ ಹೊರಡುತ್ತದೆ, ನಗುವೂ ಜೊತೆಗೇ ಬರುತ್ತದೆ. ಪ್ರತಿಭಾಳಿಗೆ ಅದೇ ಸಂಕಟ. ಅವಳ ಹೊಟ್ಟೆಕಿಚ್ಚು ಮೊದಲು ಯಾವ ಹೆಣ್ಣಿನ ಮೇಲೂ ಇರಲಿಲ್ಲ, ಆ ಮಾತಿನ ಮೇಲೇ ಇತ್ತು.

"ನನ್ ಜೋಡಿ ಮಾತಾಡೂಮುಂದ ತೂಕ ಮಾಡಿ ಮಾತಾಡ್ತಾರ್ರಿ ಅಕ್ಕಾರ," ಎಂದು ಒಮ್ಮೆ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಳು. "ಫೋನ್ ಬಂತಂದ್ರ ನೋಡ್ರಿ, ಹೆಂಗ್ ನಗತಾರ. ಆ ನಗು ನನಗ್ಯಾಕ ಇಲ್ಲ?"

"ಅವ್ರ ಮಾತು ಸ್ವಲ್ಪ ಕಲ್ತ್ಕೊಳ್ಳೆ ಮಾರಾಯ್ತಿ. ನೀನೂ ನಗಬಹುದು," ಎಂದೆ.

"ನಾ ಯಾಕ ಕಲೀಬೇಕ್ರಿ? ಅವರ ತಮ್ಮ ಮಾತು ಬಿಟ್ಟು ಬರಲಿ."

ಹೊಟ್ಟೆಕಿಚ್ಚಿಗೆ ಇಂಥ ಮೊಂಡುತನವೂ ಸೇರಿಕೊಂಡರೆ ಯಾರು ಏನು ಹೇಳಿದರೂ ತಲೆಗೆ ಹೋಗುವುದಿಲ್ಲ. ನಾನು ಚಹಾ ಕೊಟ್ಟೆ.

ಹೀಗಿರುವಾಗ ಅವಳಿಗೆ ಥೈರಾಯ್ಡ್ ಮಾತ್ರೆ ಶುರುವಾಯಿತು. ಆಸ್ಪತ್ರೆಯಿಂದ ಸಿಸ್ಟರ್ ಫೋನು ಮಾಡಿ ಹೇಗೆ ತೆಗೆದುಕೊಳ್ಳಬೇಕೆಂದು ಹೇಳಿದ್ದರು. ಇವಳು ಮರೆತಳು. ಇನ್ನೊಮ್ಮೆ ಕೇಳಿದರೆ ಬೈಯುತ್ತಾರೋ ಏನೋ ಎಂಬ ಹೆದರಿಕೆ ಬೇರೆ. ನಾನು ಅವಳ ಫೋನು ನೋಡಿದೆ. ಕರೆಗಳು ತಾವಾಗಿಯೇ ರೆಕಾರ್ಡ್ ಆಗುವಂತೆ ಅದರಲ್ಲಿ ಮೊದಲೇ ಹಾಕಿಟ್ಟಿತ್ತು.

"ನೋಡು, ಕರೆ ಮಾಡುವ ಆ್ಯಪ್ ತೆಗಿ. ಬಂದು ಹೋದ ಕರೆಗಳ ಸಾಲು ಕಾಣ್ತದಲ್ಲ, ಅದರಲ್ಲಿ ಆ ಸಿಸ್ಟರ್ ನಂಬರು ಒತ್ತು. ವಿವರ ಬರ್ತದೆ. ರೆಕಾರ್ಡ್ ಆಗಿದ್ರೆ ಅಲ್ಲೇ ಕೇಳುವ ಗುರುತು ಇರ್ತದೆ. ಇಲ್ಲದಿದ್ರೆ ಫೈಲ್ಸ್ ಅಂತ ಇದೆ ನೋಡು, ಅದರೊಳಗೆ ಆಡಿಯೋ, ಆಮೇಲೆ ರೆಕಾರ್ಡಿಂಗ್ಸ್, ಕಾಲ್ ಅಂತ ಹುಡುಕು. ಎಲ್ಲ ಕಂಪನಿ ಫೋನಿನಲ್ಲೂ ಒಂದೇ ಜಾಗ ಅಲ್ಲ. ಕೆಲವು ಫೋನಿನಲ್ಲಿ ಈ ಸೌಲಭ್ಯವೇ ಇಲ್ಲ."

ಸಿಸ್ಟರ್ ಧ್ವನಿ ಕೇಳಿಸಿತು. ಬೆಳಿಗ್ಗೆ ಬರೀ ಹೊಟ್ಟೆಗೆ ಮಾತ್ರೆ, ಸ್ವಲ್ಪ ಹೊತ್ತು ಬಿಟ್ಟು ಚಹಾ. ಪ್ರತಿಭಾಳಿಗೆ ಖುಷಿಯೋ ಖುಷಿ. ನಾನು ಅಲ್ಲಿಗೆ ಬಿಡಲಿಲ್ಲ.

"ಇದು ನಿನ್ನ ಫೋನು, ನಿನ್ನ ಕರೆ, ನಿನ್ನ ಕೆಲಸಕ್ಕೆ ಕೇಳು. ರೆಕಾರ್ಡ್ ಆಗ್ತಾ ಇದೆ ಅಂತ ಆಚೆಯವ್ರಿಗೂ ಹೇಳ್ಬೇಕು. ಬೇರೆಯವ್ರ ಕರೆ ಕೇಳೂದು, ಇನ್ನೊಬ್ರಿಗೆ ಕಳ್ಸೂದು ನಮ್ಮ ಕೆಲಸ ಅಲ್ಲ. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವ ಹಾಗೂ ಆಗ್ಬಹುದು."

ಅವಳು ತಲೆ ಆಡಿಸಿದಳು. ಆಮೇಲೆ ಕೇಳಿದ ಪ್ರಶ್ನೆ ಒಂದೇ. "ಇವರ ಫೋನಿನ್ಯಾಗೂ ಹಿಂಗ ಇರತೈತೇನ್ರಿ?"

ಇರಬಹುದು ಎಂದೆ. ಉದಯನ ಫೋನಿನಲ್ಲೂ ಇತ್ತು. ಗಿರಾಕಿಗಳು ಹೇಳುವ ವಿಳಾಸ, ಬ್ಯಾಟರಿಯ ಕಂಪನಿ ಮರೆತುಹೋಗುತ್ತದೆಂದು ಅವನೇ ಹಾಕಿಕೊಂಡಿದ್ದ. ಆಚೆಯವರಿಗೆ ಅವನೂ ಹೇಳುತ್ತಿರಲಿಲ್ಲ, ಫೋನಿಗೆ ಲಾಕನ್ನೂ ಹಾಕಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಫೋನನ್ನು ಚಾರ್ಜಿಗೆ ಹಾಕಿ ಹತ್ತಿರದಲ್ಲೇ ಯಾರದೋ ಮನೆಗೆ ಬ್ಯಾಟರಿ ಕೂಡಿಸಲು ಹೋಗಿದ್ದ. ಪ್ರತಿಭಾ ಆ ಫೋನು ಹಿಡಿದು ನನ್ನ ಬಾಗಿಲಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾರ, ಇವರಿಗೆ ಇನ್ನೊಂದ್ ಸಂಸಾರ ಐತ್ರಿ. ಸಿದ್ದಾಪುರದ ಕಡೆ ದೊಡ್ಮನಿ ಅಂತ ಊರೈತಲ್ರಿ, ಅಲ್ಲಿ. ಮಗೂನೂ ಐತಿ."

"ಯಾರು ಹೇಳಿದ್ರು ನಿಂಗೆ?"

"ಇವರ ಬಾಯಿಲೇ ಕೇಳೀನ್ರಿ. ಗೆಳೆಯ ಕಿರಣನ ಮುಂದ ಹೇಳ್ಯಾರ. ಹೋಗಿ ನೋಡಿ ಬಂದಾರಂತ, ಮಾತು ಕೇಳಿದ್ರ ಮನಸ್ಸು ತಂಪಾಗತೈತಂತ. ಪ್ರತಿಭಾಗ ಹೇಳಿಲ್ಲ ಅಂತನೂ ಅಂದಾರ. ನೀವೂ ಕೇಳ್ರಿ." ಫೋನನ್ನು ನನ್ನ ಕಿವಿಯ ಹತ್ತಿರ ತಂದಳು.

ನಾನು ಕೈ ಅಡ್ಡ ಹಿಡಿದೆ. "ನಾನು ಕೇಳೂದಿಲ್ಲ. ಮಾತಾಡಿದವ್ರು ಇಬ್ರು. ಆ ಇಬ್ರನ್ನೂ ಕೇಳದೆ ನನ್ನ ಕಿವಿಗೆ ಹಾಕ್ಬೇಡ."

"ನೀವೂ ಅವರ ಕಡೇನ ಆದ್ರಿ ಹಂಗಾದ್ರ."

"ಪೂರ್ತಿ ಕೇಳಿದ್ಯಾ?"

"ಪೂರ್ತಿ ಕೇಳಾಕ ಎದಿ ಎಲ್ಲೈತ್ರಿ ನನಗ? ಆ ಗೆರಿ ಜಗ್ಗಿ ಜಗ್ಗಿ ನನ್ನ ಹೆಸರು ಎಲ್ಲಿ ಬರತೈತಿ ಅಂತ ನೋಡೀನಿ. ಅಲ್ಲಿ ಕೇಳಿದ್ದ ಸಾಕಾತು. ತಂಗಿಗೂ ಕಳಿಸೀನಿ. ಸಾಕ್ಷಿ ಬೇಕಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಕೇಳಿದ್ದು ಒಂದು ತುಣುಕು, ಕಳಿಸಿದ್ದು ಇಡೀ ಕರೆ. ಕೂಡಲೇ ಆ ಸಂದೇಶವನ್ನು ಒತ್ತಿ ಹಿಡಿದು 'ಎಲ್ಲರಿಗೂ ಅಳಿಸು' ಎಂಬುದನ್ನು ಆರಿಸು ಎಂದೆ. ಅಳಿಸಿದಳು. ಅಷ್ಟರಲ್ಲಿ ತಂಗಿ ಸಮೃದ್ಧಿ ಅದನ್ನು ಸಿದ್ದಾಪುರದಲ್ಲಿರುವ ಸೋದರತ್ತೆ ಸಿದ್ದವ್ವನಿಗೆ ಕಳಿಸಿಯಾಗಿತ್ತು, ದೊಡ್ಮನೆಯಲ್ಲಿ ಆ ಮಗು ಯಾರದು ವಿಚಾರಿಸಿ ಎಂದು. ಸಿದ್ದವ್ವ ಬಹಳ ಉಪಕಾರದ ಹೆಂಗಸು. ತಾನು ಕೇಳುವ ಮೊದಲೇ ಅದನ್ನು ದೊಡ್ಮನೆಯ ಪರಿಚಯದವರಿಗೆ ಕಳಿಸಿದ್ದಳು. ನಾವು ಕಳಿಸಿದ್ದನ್ನು ನಾವು ಅಳಿಸಬಹುದು. ಅವರು ಮುಂದೆ ಕಳಿಸಿದ್ದು ನಮ್ಮ ಕೈಯಲ್ಲಿಲ್ಲ.

ಉದಯ ವಾಪಸು ಬರುವಾಗ ಬಾಗಿಲಲ್ಲಿ ಪ್ರತಿಭಾಳ ಬ್ಯಾಗು ಸಿದ್ಧವಾಗಿತ್ತು. ಇವಳು ಒಬ್ಬಳೇ ಬಸ್ಸು ಹತ್ತಿಬಿಟ್ಟಾಳು ಎಂದು ನಾನು ಅಲ್ಲೇ ಕೂತಿದ್ದೆ. ಅವನು ಹೆದರಿ, "ಹಾನಗಲ್ಲಿನಲ್ಲಿ ಯಾರಿಗಾದರೂ ಹುಷಾರಿಲ್ಲವಾ?" ಎಂದು ಕೇಳಿದ.

"ನಮ್ಮವರು ಅರಾಮ ಅದಾರ. ನಿಮ್ಮ ಕೂಸು ಹೆಂಗೈತಿ ಅದನ್ನ ಹೇಳ್ರಿ," ಎಂದಳು.

"ಯಾವ ಕೂಸು? ನಮ್ಮನೆಯಲ್ಲಿ ಈಗ ಕೂಸು ಎಲ್ಲಿದೆ? ತಂಗಿಯ ಮದುವೆ ಆಗಿಹೋಯಿತಲ್ಲ."

"ತಂಗಿ ಮದುವಿಗೂ ಇದಕ್ಕೂ ಏನ್ ಸಂಬಂಧ? ಮಾತು ತಿರುಗಿಸಬ್ಯಾಡ್ರಿ."

ಆಗ ನನಗೆ ಏನೋ ಹೊಳೆಯಿತು. "ಉದಯ, ಇವಳು ನಿನ್ನ ಫೋನಿನಲ್ಲಿ ಕಿರಣನ ಜೊತೆಗಿನ ಕರೆ ಕೇಳಿದ್ದಾಳೆ. ನೀನು ಒಪ್ಪಿದ್ರೆ, ಕಿರಣನನ್ನೂ ಒಂದು ಮಾತು ಕೇಳಿ, ಅದನ್ನ ಮೊದಲಿಂದ ಹಾಕು," ಎಂದೆ.

ಅವನಿಗೆ ಸಿಟ್ಟು ಬಂತು. ಆದರೆ ಬ್ಯಾಗು ಬಾಗಿಲಲ್ಲಿತ್ತು. ಮಂಚಿಕೇರಿಯ ಕಿರಣನಿಗೆ ಫೋನು ಮಾಡಿ ಕೇಳಿದ. ಹಾಕು ಎಂದು ಅವನೂ ಹೇಳಿದ. ಕರೆ ಮೊದಲಿನಿಂದ ಶುರುವಾಯಿತು.

"ಕಿರಣಾ, ಆನು ದೊಡ್ಮನೆಗೆ ರಿಪೇರಿಗೆ ಹೋದಾಗ ಕೂಸಿನ ನೋಡ್ಕಂಡು ಬಂದೆ. ರಾಶಿ ಚೊಲೋ ಇದ್ದು."

"ಎನ್ನ ಫೋಟೋ ತೋರ್ಸಿದ್ಯ? ಎಂತ ಹೇಳ್ತು ಅದು?"

"ಬಂದು ನೋಡ್ಲಿ, ಮಾತಾಡನ ಹೇಳ್ತು. ಬಿ.ಎಡ್. ಮಾಡಿದ್ದು, ನಿನಗಿಂತ ಜಾಣ ಇದ್ದು. ಅದರ ಮಾತು ಕೇಳಿದ್ರೆ ಮನಸ್ಸು ತಂಪಾಗ್ತು. ಪ್ರತಿಭಂಗೂ ಹೇಳಿದ್ನಿಲ್ಲೆ ಆನು. ಎಲ್ಲ ಗಟ್ಟಿಯಾಗುವವರೆಗೆ ಕೂಸಿನ ವಿಷಯ ಯಾರಿಗೂ ಗೊತ್ತಪ್ಪಲಾಗ."

ಪ್ರತಿಭಾ ಹಣೆ ಗಂಟಿಕ್ಕಿಕೊಂಡು ಕೂತಿದ್ದಳು. ಉದಯ ಕರೆ ನಿಲ್ಲಿಸಿ ಹೇಳಿದ. "ನಮ್ಮ ಮಾತಿನಲ್ಲಿ ಕೂಸು ಅಂದರೆ ಹುಡುಗಿ. ಮದುವೆಗೆ ಬಂದ ಹುಡುಗಿಯೂ ಕೂಸೇ. ಹೆಂಗಸರಿಗೆಲ್ಲ ನಾವು ಅದು, ಬಂತು, ಹೋತು ಅಂತಲೇ ಹೇಳುವುದು. ಕಿರಣನಿಗೆ ಹೆಣ್ಣು ನೋಡಿಕೊಂಡು ಬಂದೆ ನಾನು."

"ನಮ್ ಕಡೆ ಕೂಸಂದ್ರ ತೊಟ್ಟಿಲಾಗಿಂದ ರೀ," ಎಂದಳು ಪ್ರತಿಭಾ. ಆಮೇಲೆ ನಗಲು ಶುರು ಮಾಡಿದಳು. ನಗುತ್ತಲೇ ಅತ್ತಳು. ಉದಯನೂ ನಕ್ಕ. ಅವನು ಅವಳ ಮುಂದೆ ಅಷ್ಟು ಬಿಚ್ಚಿ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇನ್ನೂ ಮುಗಿದಿಲ್ಲ. ಮುಂದೆ ಎಂತ ಉಂಟು?" ಎಂದೆ.

ಉದಯನ ನಗು ನಿಂತಿತು. ಮುಂದಿನ ಮಾತು ಅವನಿಗೆ ಗೊತ್ತಿತ್ತು. "ಇದನ್ನು ಹಾಕುವುದಿಲ್ಲ ಅಕ್ಕ. ಅದು ಆ ಹುಡುಗಿ ನಂಬಿ ಹೇಳಿದ ಮಾತು."

"ನಿನ್ನ ಹೆಂಡತಿ ಅದನ್ನೂ ಕಳಿಸಿಯಾಗಿದೆ," ಎಂದು ನಾನೇ ಹೇಳಬೇಕಾಯಿತು.

ಆಗ ಅವನು ಆ ಮಾತು ಏನೆಂದು ಹೇಳಿದ. ಆ ಹುಡುಗಿಯನ್ನು ರಕ್ಷಿತಾ ಎಂದು ಕರೆಯೋಣ. ಅವಳಿಗೆ ಮೊದಲು ಫಿಟ್ಸ್ ಬರುತ್ತಿತ್ತು. ಮಾತ್ರೆ ತೆಗೆದುಕೊಳ್ಳುತ್ತಾಳೆ, ಈಗ ಬರುತ್ತಿಲ್ಲ, ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಮುಚ್ಚಿಟ್ಟು ಮದುವೆಯಾಗುವುದು ಬೇಡ, ನೋಡಲು ಬರುವ ಮೊದಲೇ ಕಿರಣನಿಗೆ ತಿಳಿಯಲಿ, ಬೇರೆ ಯಾರಿಗೂ ಬೇಡ ಎಂದು ಅವಳೇ ಉದಯನಿಗೆ ಹೇಳಿದ್ದಳು. ಕಿರಣ, ತನಗೆ ಅದರಿಂದ ತೊಂದರೆ ಇಲ್ಲ ಎಂದು ಅದೇ ಕರೆಯಲ್ಲಿ ಹೇಳಿದ್ದ. ಎಷ್ಟು ಚಂದದ ಮಾತು ನೋಡಿ. ಅದೀಗ ದೊಡ್ಮನೆಯ ಎಷ್ಟೋ ಫೋನುಗಳಲ್ಲಿ ಇತ್ತು.

ಎರಡು ದಿನದ ಮೇಲೆ ಕಿರಣ ಫೋನು ಮಾಡಿದ. ರಕ್ಷಿತಾ ಬೇಡ ಎಂದಿದ್ದಳು. ಅವನು ಅವಳಿಗೆ ಬೇಕಾದಷ್ಟು ಸಲ ಫೋನು ಮಾಡಿ ಕೇಳಿಕೊಂಡಿದ್ದ. ಅವಳು ಜಗ್ಗಲಿಲ್ಲ.

ಪ್ರತಿಭಾ ಅನ್ನ ಬಿಟ್ಟು ಕೂತಳು. ಕೊನೆಗೆ ಕ್ಷಮೆ ಕೇಳಲು ಗಂಡ ಹೆಂಡತಿ ಇಬ್ಬರೂ ದೊಡ್ಮನೆಗೆ ಹೊರಟರು, ನನ್ನನ್ನೂ ಎಳೆದುಕೊಂಡು ಹೋದರು. ರಕ್ಷಿತಾ ನಮ್ಮನ್ನು ಬೈಯಲಿಲ್ಲ. ಕೂರಿಸಿ ಪಾನಕ ಕೊಟ್ಟಳು. ಪ್ರತಿಭಾ ಅವಳ ಕೈ ಹಿಡಿದು, "ತಪ್ಪಾತ್ರಿ ನಂದು. ಕಿರಣ ಅವರು ಒಳ್ಳೇರು, ಅವರನ್ನ ಬ್ಯಾಡ ಅನಬ್ಯಾಡ್ರಿ," ಎಂದಳು.

"ಅವ ಒಳ್ಳೆಯವ ಹೇಳಿ ಎಂಗೂ ಗೊತ್ತಿದ್ದು," ಎಂದಳು ರಕ್ಷಿತಾ. "ಆದ್ರೆ ಈಗ ಆನು ಹೂಂ ಅಂದ್ರೆ, ಪಾಪ ಹೇಳಿ ಅವ ಮದುವೆ ಆದ ಅಂತ ಊರು ಹೇಳ್ತು. ಎನ್ನ ವಿಷಯ ಆನೇ ಒಬ್ಬಂಗೆ ಹೇಳಕ್ಕು ಅಂತ ಇದ್ದೆ. ನಿನ್ನೆ ಬಸ್ಸಿನಲ್ಲಿ ಗುರ್ತಿಲ್ಲದ ಹೆಂಗಸು ಕೇಳ್ತು, ಮಾತ್ರೆ ತಗಂಡ್ಯನೇ ಕೂಸೇ ಅಂತ."

ಪ್ರತಿಭಾ ಕೆಳಗೆ ನೋಡುತ್ತಿದ್ದಳು. ಈ ಸಲ ಆ ಶಬ್ದ ಅವಳಿಗೆ ಸರಿಯಾಗಿಯೇ ಅರ್ಥವಾಯಿತು.

"ನಿಂಗೆ ಗಂಡನ ಮೇಲೆ ಅನುಮಾನ ಬಂತು. ಗಂಡನ ಕೇಳಕ್ಕಾಗಿತ್ತು," ಎಂದಳು ರಕ್ಷಿತಾ, ಧ್ವನಿ ಏರಿಸದೆ. "ಅದಕ್ಕೆ ಎನ್ನ ಎಂತಕೆ ಊರಿಗೆಲ್ಲ ಕೇಳ್ಸಿದೆ?"

ವಾಪಸು ಬರುವಾಗ ಬಸ್ಸಿನಲ್ಲೇ ಉದಯ ಫೋನು ತೆಗೆದು, ಕರೆಯ ಸೆಟ್ಟಿಂಗಿಗೆ ಹೋಗಿ ತಾನಾಗಿ ರೆಕಾರ್ಡ್ ಆಗುವುದನ್ನು ಬಂದ್ ಮಾಡಿದ. ಹಳೆಯ ಕರೆಗಳನ್ನು ಅಳಿಸಿದ. ಲಾಕ್ ಹಾಕಿದ. ಅದರ ನಂಬರು ಹೇಳಲು ಹೆಂಡತಿಯ ಕಡೆ ಬಾಗಿದ. ಅವಳು ತಲೆ ಅಡ್ಡ ಆಡಿಸಿ, "ನನಗ ಬ್ಯಾಡ್ರಿ. ಏನಾರ ಇದ್ರ ನಿಮ್ಮನ್ನ ಕೇಳತೀನಿ," ಎಂದಳು. ಈಗ ಹಾಗೆಯೇ ಮಾಡುತ್ತಾಳೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾಳೆ, ಅವನೂ ಉತ್ತರ ಕೊಡುತ್ತಾನೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ಇವತ್ತೇ ನಿಮ್ಮ ಫೋನು ತೆಗೆದು ನೋಡಿ. ಕರೆಗಳು ತಾವಾಗಿ ರೆಕಾರ್ಡ್ ಆಗುತ್ತಿವೆಯೇ ತಿಳಿದುಕೊಳ್ಳಿ. ಬೇಡವಾದರೆ ಬಂದ್ ಮಾಡಿ. ಡಾಕ್ಟರ ಮಾತು, ವಿಳಾಸ ನೆನಪಿಡಲು ಬೇಕಾದರೆ ಆಚೆಯವರಿಗೆ ಹೇಳಿ ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಅಳಿಸಿ. ಫೋನಿಗೆ ಲಾಕ್ ಇರಲಿ. ಮನಸ್ಸಿನಲ್ಲಿ ಕಿಚ್ಚು ಹತ್ತಿದರೆ ಮನುಷ್ಯರನ್ನೇ ಎದುರಿಗೆ ಕೂರಿಸಿ ಕೇಳಿ, ಅವರ ಫೋನನ್ನಲ್ಲ. ಯಾರದೋ ಕರೆಯನ್ನು ಮುಂದೆ ಕಳಿಸಲು ಬೆರಳು ಎತ್ತಿದಾಗ ಒಂದು ಗಳಿಗೆ ತಡೆಯಿರಿ. ಆ ಕರೆಯಲ್ಲಿ ಮಾತಾಡಿದವರು ಉದಯ ಮತ್ತು ಕಿರಣ. ರಕ್ಷಿತಾ ಅದರಲ್ಲಿ ಒಂದು ಮಾತನ್ನೂ ಆಡಿರಲಿಲ್ಲ.