ಬಹುಶಃ ಇಲ್ಲದ ವಾಕ್ಯ

ವಿದ್ಯಾರ್ಥಿಗಳು ಆ ಮಾರ್ಗದರ್ಶಕರಿಗೆ ಬೆನ್ನ ಹಿಂದೆ 'ಬಹುಶಃ ಮೇಷ್ಟ್ರು' ಎನ್ನುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ. ಯಾರೇ ಪ್ರಬಂಧದ ಮುಖ್ಯ ವಾಕ್ಯ ಬರೆದು ತಂದರೂ ಕೆಂಪು ಪೆನ್ನಿನಲ್ಲಿ ಅದರ ತಲೆಗೊಂದು 'ಬಹುಶಃ', ಸೊಂಟಕ್ಕೊಂದು 'ಕೆಲವೊಮ್ಮೆ', ಬಾಲಕ್ಕೊಂದು 'ಎನ್ನಬಹುದೇನೋ' ಸೇರಿಸಿ, "ಈಗ ಯಾರೂ ಬಾಯಿ ತೆಗೆಯೋ ಹಾಗಿಲ್ಲ ನೋಡಿ" ಎಂದು ಮುಗುಳ್ನಗುತ್ತಿದ್ದರು. ನಿಜವೇ ಬಿಡಿ. ಆ ವಿಭಾಗದ ಕಪಾಟಿನಲ್ಲಿದ್ದ ಪ್ರಬಂಧಗಳ ಬಗ್ಗೆ ಇವತ್ತಿನವರೆಗೆ ಒಂದು ನರಪಿಳ್ಳೆಯೂ ಬಾಯಿ ತೆಗೆದಿರಲಿಲ್ಲ.

ಟೈಲರಮ್ಮನ ವಾಕ್ಯಕ್ಕೂ ಅದೇ ಗತಿಯಾಯಿತು. ನಲವತ್ತೆರಡನೇ ವಯಸ್ಸಿನಲ್ಲಿ ಎಂ.ಎ. ಓದಲು ಬಂದ ಈ ಹೆಂಗಸು ಹದಿನಾಲ್ಕು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದವಳು. ಅವಳು ಬರೆದದ್ದು ಇಷ್ಟೇ: 'ಈ ಕಾರ್ಖಾನೆಯಲ್ಲಿ ಹೆಂಗಸರ ಬೆರಳಿಗೆ ಸೂಜಿ ಹೊಕ್ಕಿದ್ದು ಅವರ ಅಜಾಗರೂಕತೆಯಿಂದಲ್ಲ, ಕೆಲಸ ಬೇಗ ಸಾಗಲೆಂದು ಮೇಲ್ವಿಚಾರಕರು ಮಿಷನ್ನಿನ ಗಾರ್ಡ್ ಬಿಚ್ಚಿಸಿದ್ದರಿಂದ.' ಗಾರ್ಡ್ ಅಂದರೆ ಬೆರಳು ಸೂಜಿಯ ಕೆಳಗೆ ಹೋಗದಂತೆ ತಡೆಯುವ ಪುಟ್ಟ ತಂತಿ. ಅದಿದ್ದರೆ ದಾರ ಪೋಣಿಸಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ.

ಮೇಷ್ಟ್ರ ಕೈಯಿಂದ ವಾಪಸ್ ಬಂದದ್ದು: 'ಸೂಜಿ ಗಾಯಗಳಿಗೆ ಬಹುಶಃ ಹಲವು ಕಾರಣಗಳಿದ್ದು, ಅಜಾಗರೂಕತೆಯೂ ಕೆಲವೊಮ್ಮೆ ಅವುಗಳಲ್ಲಿ ಒಂದು ಎನ್ನಬಹುದೇನೋ.'

"ಸರ್, ನಾನು ಹೇಳಿದ್ದೇ ಬೇರೆ. ಇದು ಪೂರ್ತಿ ಉಲ್ಟಾ."

"ನೋಡಮ್ಮಾ, ನಾಳೆ ಸಮಿತಿ ಮುಂದೆ ನಿಂತು ಓದ್ಬೇಕು. ಅವರು ಸಹಿ ಹಾಕಿದ್ರೆ ಪ್ರಬಂಧ, ಇಲ್ದಿದ್ರೆ ಒಂದು ವರ್ಷ ಮಣ್ಣುಪಾಲು. ಈ ವಯಸ್ಸಲ್ಲಿ ಯಾಕೆ ಹಟ?"

ಮನೆಯಲ್ಲಿ ಅಕ್ಕ ಬಟನ್ ಹೊಲಿಯುತ್ತ ಕೂತಿದ್ದಳು, ಎಡಗೈಯಲ್ಲಿ. ಅದೇ ಕಾರ್ಖಾನೆಯಲ್ಲಿ ಸೂಜಿ ಹೊಕ್ಕ ಮೇಲೆ ಅವಳ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ.

"ಯಾಕೇ, ಮುಖ ಊದಿಸ್ಕೊಂಡು ಬಂದೆ?" ಎಂದಳು. ತಂಗಿ ಎಲ್ಲ ಹೇಳಿದಳು. "ಅಯ್ಯೋ, ಮೇಷ್ಟ್ರು ಸರಿಯಾಗೇ ಹೇಳಿದಾರೆ ಬಿಡೆ. ನಂದೇ ತಪ್ಪು, ಮೈಮೇಲೆ ಎಚ್ಚರ ಇರ್ಲಿಲ್ಲ. ಕಾರ್ಖಾನೆಯ ಗಾಯದ ಪುಸ್ತಕದಲ್ಲೂ ಹಾಗೇ ಬರೆದಿದೆ ಅಂತ ಮೇಲ್ವಿಚಾರಕರೇ ಓದಿ ಹೇಳಿದ್ರಲ್ಲ."

ಟೈಲರಮ್ಮ ಅಕ್ಕನ ಮುಖ ನೋಡದೆ ಮೇಷ್ಟ್ರ ಹಾಳೆಯನ್ನು ಮಡಚಿಟ್ಟಳು. ಒಂಬತ್ತು ವರ್ಷದಿಂದ ಅಕ್ಕ ಇದೇ ಮಾತು ಹೇಳಿಕೊಂಡು ಬಂದಿದ್ದಳು.

ಸಮಿತಿಯಲ್ಲಿ ಮೂವರು. ಅಲ್ಲಿನ ಪದ್ಧತಿಯೆಂದರೆ ವಿದ್ಯಾರ್ಥಿ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಮೂರೂ ಸಹಿ ಬಿದ್ದಿರುತ್ತಿದ್ದವು, ಕೇಳಿಸಿಕೊಳ್ಳುವ ಪಾಪಕ್ಕೆ ಯಾರೂ ಹೋಗುತ್ತಿರಲಿಲ್ಲ. ಟೈಲರಮ್ಮ ಎದ್ದಳು. ಕೈಯಲ್ಲಿ ಮೇಷ್ಟ್ರ ಹಾಳೆ. ಬಾಯಲ್ಲಿ ಬಂದದ್ದು ಅವಳದೇ ವಾಕ್ಯ, ಒಂದಕ್ಷರ ಬಿಡದೆ.

ಉಳಿದಿಬ್ಬರ ಸಹಿ ಆಗಲೇ ಬಿದ್ದಿತ್ತು, ಅಧ್ಯಕ್ಷರ ಪೆನ್ನು ಅರ್ಧ ಸಹಿಗೆ ನಿಂತಿತು. 'ಬಹುಶಃ ಮೇಷ್ಟ್ರು' ತಲೆ ಮೇಲೆ ಕೈ ಹೊತ್ತು ಕೂತರು.

"ಏನ್ರೀ ಇದು?" ಎಂದರು ಅಧ್ಯಕ್ಷರು. "ನೀವೇ ಲಗತ್ತಿಸಿರೋ ಗಾಯದ ಪುಸ್ತಕದ ಪ್ರತಿ ಇಲ್ಲೇ ಇದೆ. ಪುಟ ಪುಟದಲ್ಲೂ ಕಾರಣ 'ಅಜಾಗರೂಕತೆ' ಅಂತಿದೆ. ದಾಖಲೆ ಸುಳ್ಳು ಅಂತೀರಾ?"

"ಸುಳ್ಳು ಸರ್."

"ಯಾರು ಹೇಳಿದ್ದು?"

"ಬರೆದವಳು."

ಅವಳು ಮೇಷ್ಟ್ರ ಹಾಳೆಯ ಹಿಂಬದಿಯಲ್ಲಿ 'ಅಜಾಗರೂಕತೆ' ಎಂದು ಬರೆದು ಅಧ್ಯಕ್ಷರ ಮುಂದೆ ಸರಿಸಿದಳು. ಪುಸ್ತಕದಲ್ಲಿದ್ದದ್ದೂ ಅದೇ ದುಂಡು ಅಕ್ಷರ.

"ನನ್ನ ಅಕ್ಷರ ಚೆನ್ನಾಗಿದೆ ಅಂತ ಪುಸ್ತಕ ನನ್ನ ಕೈಗೆ ಕೊಟ್ಟಿದ್ರು. ಮೇಲ್ವಿಚಾರಕರು ಆ ಒಂದೇ ಪದ ಹೇಳೋರು, ನಾನು ಬಾಯಿ ಮುಚ್ಕೊಂಡು ಬರೆಯೋಳು. ಏಳನೇ ಪುಟದಲ್ಲಿರೋದು ನಮ್ಮಕ್ಕ. ರಕ್ತ ಕಣ್ಣಾರೆ ನೋಡಿ ಅದನ್ನೇ ಬರೆದೆ. ಯಾವ ಮಿಷನ್ನಿನ ಗಾರ್ಡ್ ಯಾವತ್ತು ಬಿಚ್ಚಿದ್ರು ಅಂತ ರಿಪೇರಿಯವರ ಪುಸ್ತಕದಲ್ಲಿದೆ. ಎರಡೂ ಪಕ್ಕ ಪಕ್ಕ ಇಟ್ಟು ನೋಡಿ."

"ಹೀಗೆಲ್ಲ ಬರೆದ್ರೆ ಮೌಖಿಕ ಪರೀಕ್ಷೆಯಲ್ಲಿ ನಿಮ್ಮನ್ನ ಸುಮ್ನೆ ಬಿಡ್ತಾರೇನ್ರೀ?"

"ಬಿಡೋದು ಬೇಡ ಸರ್, ಕೇಳ್ಲಿ, ಉತ್ತರ ಹೇಳ್ತೀನಿ. 'ಬಹುಶಃ' ಅಂತ ಬರೆದ್ರೆ ಯಾರೂ ಏನೂ ಕೇಳೋದೇ ಇಲ್ಲ."

"ನಾವು ಸಹಿ ಹಾಕದಿದ್ರೆ?"

"ಮುಂದಿನ ವರ್ಷ ಇದೇ ವಾಕ್ಯ ತರ್ತೀನಿ. ಅದರ ಮುಂದಿನ ವರ್ಷಾನೂ." ದನಿ ಜಗ್ಗಲಿಲ್ಲ.

ಅಧ್ಯಕ್ಷರು ಎರಡೂ ಕಡೆಯ ಕೈಬರಹವನ್ನು ಮತ್ತೆ ಮತ್ತೆ ನೋಡಿದರು. "ಆ ಪುಸ್ತಕ ಬರೆದದ್ದು ನಾನೇ ಅಂತ ಮೊದಲ ಅಧ್ಯಾಯದಲ್ಲಿ ಬರೀತೀರಾ?"

ಬರೆದರೆ ಅಕ್ಕನಿಗೂ ಗೊತ್ತಾಗುತ್ತದೆ. ಟೈಲರಮ್ಮ ಪುಸ್ತಕದ ಏಳನೇ ಪುಟದ ಕಡೆ ನೋಡಿದಳು.

"ಬರೀತೀನಿ."

ಅವರು ಅರ್ಧಕ್ಕೆ ನಿಂತಿದ್ದ ಸಹಿಯನ್ನು ಪೂರ್ತಿ ಮಾಡಿದರು.

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅಕ್ಕನಿಗೆ ಎಲ್ಲ ಹೇಳಿಬಿಟ್ಟಳು. ಅಕ್ಕ ಬಟ್ಟೆ ಕೆಳಗಿಟ್ಟಳು.

"ನನ್ನ ಪುಟಾನೂ ನೀನೇ ಬರೆದದ್ದಾ?"

"ಹೂಂ ಅಕ್ಕ."

"ಥೂ, ನಿನ್ನ! ಒಂಬತ್ತು ವರ್ಷ ನನ್ನನ್ನ ನಾನೇ ಬೈಕೊಂಡೆನಲ್ಲೇ!" ಅಕ್ಕ ಎದ್ದು ಗೋಡೆಯ ಕಡೆ ತಿರುಗಿ ನಿಂತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಎದುರು ಕೂತಳು.

"ಎಲ್ಲಿ, ಆ ವಾಕ್ಯ ಓದು."

ತಂಗಿ ಓದಿದಳು.

"ಇನ್ನೊಂದ್ಸಲ ಓದು. 'ಅಜಾಗರೂಕತೆಯಿಂದಲ್ಲ' ಅಂತ ಬರುತ್ತಲ್ಲ, ಅದನ್ನ ಬೀದಿಗೆಲ್ಲ ಕೇಳೋ ಹಾಗೆ ಓದು."